ಚಿಕ್ಕವ್ವನ ತೂಕ

ನೆರಳು ಪಾಳಿಗೆ ಹೆಸರು ಕರೆಯುವ ಹೊತ್ತಿನಲ್ಲಿ ಕರೆಗುಡ್ಡದ ಸುರಂಗದಲ್ಲಿ ಯಾರದಾದರೂ ರಕ್ತ ಬೀಳದೆ ಇರುತ್ತಿರಲಿಲ್ಲ. ಆ ಸಲ ಸೋಮ್ಲಾ ನಾಯಕ, ತನ್ನನ್ನು ದಾಟಿ ಮುಂದೆ ನುಗ್ಗಿದವನ ದವಡೆಗೆ ಸಲಿಕೆಯ ಹಿಡಿಕೆಯಿಂದ ಬಾರಿಸಿದ. ಬಿದ್ದವನು ಎದ್ದು ಕೂತು, ಎರಡು ಹಲ್ಲು ಉಗುಳಿ, ಅವನ್ನು ಅಂಗೈಯಲ್ಲಿ ಹಿಡಿದುಕೊಂಡೇ, "ನನ್ನ ಹೆಸರು ಕರದ್ರೇನು?" ಎಂದು ಕೇಳಿದ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಪಾಳಿಯ ಮೇಸ್ತ್ರಿ, ಮುಕ್ಕಾದಮ ಯಂಕಪ್ಪ ನಡುವೆ ನುಗ್ಗಿ ಸೋಮ್ಲಾನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ.

"ಲೇ ಸೋಮ್ಲಾ, ಹೊರಗ ಹೋಗಿ ಮಣ್ಣು ಅಗಿ ಅಂದ್ರ, ಇಲ್ಲೇ ಮನಷ್ಯಾನ್ನ ಅಗ್ಯಾಕ ಹತ್ತೀಯಲ್ಲೋ!"

"ನನ್ನ ಸರದಿ ತಿಂದಾನಣ್ಣ ಅವ."

"ತಿನ್ನಲಿ ಬಿಡು. ಇನ್ನ ಮ್ಯಾಲ ಅವಂಗ ತಿನ್ನಾಕ ಹಲ್ಲರ ಎಲ್ಲದಾವ?"

ಹೊರಗೆ ಹೋಗಲು ಇಷ್ಟು ಹೊಡೆದಾಟವೆಂದರೆ ಹೊರಗೆ ಏನೋ ದೊಡ್ಡ ಸುಖವಿದೆ ಎಂದುಕೊಳ್ಳಬೇಡಿ. ಕರೆಗುಡ್ಡ ನಮ್ಮ ಭೂಮಿಯ ಮೇಲಿನ ಊರಲ್ಲ. ರಾಯಚೂರು ಸೀಮೆಯ ಗಣಿಗಳಲ್ಲಿ ಕಲ್ಲು ಒಡೆದವರ ಮರಿಮಕ್ಕಳು ಹೋಗಿ ನೆಲೆಸಿದ ಬೇರೊಂದು ಲೋಕ ಅದು. ಅಲ್ಲಿ ಹಗಲು ರಾತ್ರಿ ಎಂಬುದಿಲ್ಲ. ಆ ಲೋಕ ತನ್ನ ಸೂರ್ಯನಿಗೆ ಒಂದೇ ಮುಖ ತೋರಿಸಿಕೊಂಡು ತಿರುಗುತ್ತದಾದ್ದರಿಂದ, ಮೊರದಗಲದ ಕೆಂಪು ಸೂರ್ಯ ಗುಡ್ಡದ ನೆತ್ತಿಯ ಮೇಲೆ ಮೂಡದೆ ಮುಳುಗದೆ ಕೂತೇ ಇರುತ್ತಾನೆ. ಜನ ಅವನನ್ನು ಕೆಂಪಯ್ಯ ಎನ್ನುತ್ತಾರೆ. ಹೊರಗಿನ ಗಾಳಿ ಉಸಿರಿಗೆ ಸಾಲದು. ಮೇಲಿನ ನೆಲದಲ್ಲಿ ಸಿಗುವ ಬಿಳಿ ಮಣ್ಣನ್ನು ತಂದು ಕುಲುಮೆಯಲ್ಲಿ ಕಾಯಿಸಿದರೆ ಅದರಿಂದ ಉಸಿರಾಡುವ ಗಾಳಿ ಬರುತ್ತದೆ. ಮಣ್ಣು ಬರದಿದ್ದರೆ ಸುರಂಗದೊಳಗಿನ ಸಂಸಾರಗಳಿಗೆಲ್ಲ ಉಸಿರಿಲ್ಲ. ಆದರೆ ಕೆಂಪಯ್ಯನ ಬೆಳಕಿನ ಜೊತೆಗೆ ಕಣ್ಣಿಗೆ ಕಾಣದ ಬೆಂಕಿಯೂ ಸುರಿಯುತ್ತದೆ. ಅದಕ್ಕೆ ಹೊರಗೆ ಹೋಗುವವರು ಸೀಸದ ಅಂಗಿ ತೊಡಬೇಕು. ಆ ಅಂಗಿ ತೊಟ್ಟು ಸಲಿಕೆ ಹಿಡಿಯುವುದೆಂದರೆ ಬೆಳೆದ ಆಳೊಬ್ಬನನ್ನು ಬೆನ್ನ ಮೇಲೆ ಕೂರಿಸಿಕೊಂಡು ದುಡಿದಂತೆ. ಇನ್ನೂ ಹರೆಯ ದಾಟದವರ ಬೆನ್ನುಗಳು ಅಲ್ಲಿ ಬಿಲ್ಲಾಗಿದ್ದವು.

ಈ ಜನಕ್ಕೆ ಇದ್ದ ಒಂದೇ ಕರುಣೆ ಎಂದರೆ ಚಿಕ್ಕವ್ವ. ಕೆಂಪಯ್ಯ ತನ್ನ ಸುತ್ತ ತಾನು ಒಂದು ಸಲ ತಿರುಗುವಷ್ಟರಲ್ಲಿ, ಒಮ್ಮೆ ಅವನ ಬೆಳಕು ಮಬ್ಬಾಗುತ್ತಿತ್ತು. ಮೊದಲು ಬಂದ ಸರ್ವೆಯವರು ಬೆಳಕನ್ನು ಅಳೆದು ನೋಡಿ, ನಮಗೂ ಅವನಿಗೂ ನಡುವೆ ಒಂದು ಗ್ರಹ ಹಾದುಹೋಗುತ್ತದೆ ಎಂದು ಬರೆದಿಟ್ಟಿದ್ದರು. ದೊಡ್ಡವರ ಸಿಟ್ಟಿಗೆ ಅಡ್ಡ ನಿಂತು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುವವಳು ಚಿಕ್ಕವ್ವನಲ್ಲದೆ ಇನ್ಯಾರು? ಹೆಸರು ತಾನೇ ಬಂತು. ಚಿಕ್ಕವ್ವ ಅಡ್ಡ ನಿಂತ ಹೊತ್ತಿನಲ್ಲಿ ಸೀಸದ ಅಂಗಿ ಕಳಚಿಟ್ಟು, ಮೂಗಿಗೊಂದು ಮುಖವಾಡ ಕಟ್ಟಿಕೊಂಡು, ಜನ ಬರಿಮೈಯಲ್ಲಿ ಹೊರಗೆ ಹೋಗಿ ಅಗೆಯುತ್ತಿದ್ದರು. ಅದೇ ನೆರಳು ಪಾಳಿ. ಬಾಗಿಲ ಬಳಿಯ ವಿಕಿರಣದ ಮೀಟರು ಆಗ ಸುಮ್ಮನೆ ಇರುತ್ತಿತ್ತು. ಎಂದೋ ಒಮ್ಮೆ ಕಿರುಚಿದರೆ, ಬಿಳಿ ಧೂಳು ಹೊಕ್ಕಿದೆ ಎಂದು ಒರೆಸಿ ಇಡುತ್ತಿದ್ದರು.

ಇನ್ನೊಂದು ರೂಢಿಯಿತ್ತು. ಬಾಗಿಲ ಹೊಸ್ತಿಲನ್ನು ಮೊದಲು ದಾಟುವುದು ಮುಕ್ಕಾದಮನ ಕಾಲು. ಹಳೆಯ ಗಣಿಗಳಲ್ಲಿ ಮೇಲ್ಛಾವಣಿ ಗಟ್ಟಿಯಿದೆಯೇ ಎಂದು ಮುಕ್ಕಾದಮನೇ ಮೊದಲು ಒಳಗೆ ಹೋಗಿ ನೋಡುತ್ತಿದ್ದನಂತೆ. ಅವನ ಕಾಲು ದಾಟದೆ ಪಾಳಿ ಹೊರಡದು.

ಆ ಸಲ ಯಂಕಪ್ಪನ ಕಾಲು ದಾಟಿತು, ಅವನ ಹಿಂದೆ ಪಾಳಿಯೆಲ್ಲ ಓಡಿತು. ಹಲ್ಲು ಹೋದವನೂ ಓಡಿದ.

*

ಯಂಕಪ್ಪನ ಹೆಂಡತಿ ದುರುಗವ್ವ ವೀಕ್ಷಣಾ ಕೋಣೆಯಲ್ಲಿದ್ದಳು. ಕೆಂಪಯ್ಯನ ತೂಗಾಟವನ್ನು ಅಳೆಯುವ ಯಂತ್ರ ಅವಳದು. ದಾರಕ್ಕೆ ಕಲ್ಲು ಕಟ್ಟಿ ಗಿರಗಿರ ತಿರುಗಿಸಿದರೆ ಹಿಡಿದ ಕೈಯೂ ಅತ್ತಿತ್ತ ಜಗ್ಗುತ್ತದಲ್ಲ, ಹಾಗೆ ಗ್ರಹ ಸುತ್ತುವಾಗ ಸೂರ್ಯನೂ ಚೂರು ತೂಗಾಡುತ್ತಾನೆ. ನೋಡುವವರತ್ತ ವಾಲಿದಾಗ ಅವನ ಬೆಳಕು ತುಸು ನೀಲಿಯತ್ತ ಸರಿಯುತ್ತದೆ, ದೂರ ವಾಲಿದಾಗ ಕೆಂಪಿನತ್ತ. ಆ ಸರಿದಾಟವನ್ನು ಅಳೆದರೆ ಕಲ್ಲಿನ ತೂಕ ಸಿಕ್ಕಂತೆ. ಪಕ್ಕದ ಮೇಜಿನ ಮೌಲಾಲಿಯದು ಬೆಳಕಿನ ಮೀಟರು. ಬೆಳಕು ಎಷ್ಟು ಕುಗ್ಗಿತೆಂದು ನೋಡಿ ಅಡ್ಡ ಬಂದದ್ದರ ಗಾತ್ರ ಹೇಳುವವನು ಅವನು. ಒಬ್ಬರದು ತೂಕ, ಒಬ್ಬರದು ಗಾತ್ರ. ಎರಡನ್ನೂ ಕೂಡಿಸಿದರೆ ಗ್ರಹ ಕಲ್ಲಿನದೋ ಗಾಳಿಯದೋ ತಿಳಿಯುತ್ತದೆ.

"ಅಕ್ಕಾ, ಈ ಸಲ ಮಬ್ಬು ಇನ್ನೂ ಹೆಚ್ಚಾತು," ಎಂದ ಮೌಲಾಲಿ. "ಚಿಕ್ಕವ್ವ ದಪ್ಪಾಗಾಕ ಹತ್ಯಾಳ. ಬಸುರಿ ಇರಬೇಕು ನೋಡು."

"ನಿನಗ ಬರೇ ಅದ ಚಿಂತಿ."

"ಮನ್ಯಾಗ ಐದು ಅದಾವಲ್ಲವಾ, ಅನುಭವದ ಮಾತು ಇದು."

ದುರುಗವ್ವ ನಗಲಿಲ್ಲ. "ಗ್ರಹ ಹೆಂಗ ದಪ್ಪಾಗ್ತದೋ ಮೌಲಾಲಿ?"

"ನಮ್ಮ ಸಮೀಪ ಬರಾಕ ಹತ್ಯಾಳಂತ ಮ್ಯಾನೇಜರಮ್ಮ ಹೇಳ್ತಾರ. ಸಮೀಪ ಬಂದ್ರ ದೊಡ್ಡದು ಕಾಣ್ತದ."

"ಸಮೀಪ ಬಂದ್ರ ಆಕಿ ಸುತ್ತೋ ದಾರಿ ಬದಲಾಗ್ಬೇಕು. ದಾರಿ ಬದಲಾದ್ರ ಬರೋ ಹೊತ್ತೂ ಬದಲಾಗ್ಬೇಕು. ಆಕಿ ಅದ ಹೊತ್ತಿಗೆ ಬರ್ತಾಳ. ತೂಕನೂ ಹತ್ತಿ ಮೂಟೀಗಿಂತ ಹಗೂರ."

"ಅದಕ್ಕ ಸೆರಗು ಅಂದದ್ದು. ಸುತ್ತ ಧೂಳಿನ ಸೆರಗು ಹೊತ್ತಾಳ, ಹಂಗಾಗಿ ಗಾತ್ರ ಹೆಚ್ಚು, ತೂಕ ಕಮ್ಮಿ. ಹಿರೇರು ಹೇಳಿದ್ದು."

ದುರುಗವ್ವ ಯಂತ್ರದ ಹಳೆಯ ಅಳತೆಗಳನ್ನೆಲ್ಲ ಒಂದರ ಪಕ್ಕ ಒಂದು ಪರದೆಯ ಮೇಲೆ ಹರಡಿದಳು. ಎಷ್ಟೋ ವರ್ಷಗಳ ತೂಗಾಟ. ಒಂದೊಂದರ ಹೊತ್ತನ್ನೂ ಬೆರಳಿಟ್ಟು ನೋಡುತ್ತಾ ಹೋದಳು. ತೂಗಾಟದ ಯಂತ್ರವಿದ್ದದ್ದು ಮೇಲೆ, ಬಯಲಿನಲ್ಲಿ. ಅದರ ಮುಚ್ಚಳ ತೆಗೆಯಲು ಒಬ್ಬರು ಹೊರಗೆ ಹೋಗಬೇಕು. ಸೀಸದ ಅಂಗಿ ಹೊರುವ ಕಷ್ಟ ಯಾರಿಗೆ ಬೇಕು? ನೆರಳು ಪಾಳಿಯವರೇ ಮುಚ್ಚಳ ತೆಗೆದು, ಪಾಳಿ ಮುಗಿದಾಗ ಮುಚ್ಚಿ ಬರುತ್ತಿದ್ದರು. ಮೊದಲಿನಿಂದಲೂ ಹೀಗೆಯೇ.

"ಮೌಲಾಲಿ, ನಾವು ಕೆಂಪಯ್ಯನ್ನ ನೋಡಿದ್ದೆಲ್ಲ ಮಬ್ಬಿನಾಗ. ಬೆಳಕಿದ್ದಾಗ ಅಂವ ತೂಗಾಡ್ತಾನೋ ಇಲ್ಲೋ, ಯಾರೂ ನೋಡೇ ಇಲ್ಲ."

ಮೌಲಾಲಿ ತನ್ನ ಮೇಜು ಬಿಟ್ಟೆದ್ದು ಬಂದು ಅವಳ ಪರದೆಗೆ ಬಗ್ಗಿದ.

*

"ಅಂಗಿ ಬೇಕಾ? ನಿನಗಾ?" ಯಂಕಪ್ಪ ಅಂಗಾತ ಮಲಗಿದ್ದವನು ಕತ್ತು ಎತ್ತಿ ನೋಡಿದ. ಅವನು ಊಟವನ್ನೂ ಮಲಗಿಯೇ ಮಾಡುತ್ತಿದ್ದ. ಕೂತರೆ ಬೆನ್ನು ಸಿಡಿಯುತ್ತಿತ್ತು.

"ಬೆಳಕಿನಾಗ ಹೋಗಿ ಮುಚ್ಚಳ ತಗದು ಬರ್ತೀನಿ."

"ಅದನ್ನ ಹೊತ್ರ ನೀ ರೊಟ್ಟಿ ಆಗ್ತಿ. ನಾನ ಹೋಗ್ತೀನಿ."

"ಯಂತ್ರ ಸರಿ ಮಾಡಾಕ ನಿನಗ ಬರೂದಿಲ್ಲ. ನೀ ಮುಟ್ಟಿದ್ರ ಅದು ಸಲಿಕಿ ಆಗ್ತದ."

ಯಂಕಪ್ಪ ನಕ್ಕ, ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡು ನರಳಿದ. ಆದರೂ ತಾನೇ ಎದ್ದು ಬಾಗಿಲವರೆಗೆ ಬಂದು, ಅಂಗಿಯ ಪಟ್ಟಿಗಳನ್ನು ಅವಳ ಭುಜಕ್ಕೆ ಬಿಗಿದ. ಒಳಗೆ ತನ್ನ ಹಳೆಯ ಲುಂಗಿ ಮಡಚಿ ತುರುಕಿದ. "ಭುಜದ ತೊಗಲು ಹೋಗ್ತದ, ಅದಕ್ಕ," ಎಂದ. ಅವಳು ಮೊದಲ ಹೆಜ್ಜೆಗೇ ಮುಗ್ಗರಿಸಿದಳು. ಅವನು ಹಿಡಿದುಕೊಂಡ.

ಒಂದಲ್ಲ, ಮೂರು ಸಲ ಹೋದಳು. ಚಿಕ್ಕವ್ವ ಕೆಂಪಯ್ಯನ ಪಕ್ಕಕ್ಕೆ ಸರಿದಿರಬೇಕಾದ ಹೊತ್ತಿಗೊಮ್ಮೆ, ಅವನ ಹಿಂದೆ ಇರಬೇಕಾದ ಹೊತ್ತಿಗೊಮ್ಮೆ, ಆಚೆ ಪಕ್ಕದಿಂದ ಬರುತ್ತಿರಬೇಕಾದ ಹೊತ್ತಿಗೊಮ್ಮೆ. ಹಿಂದೆ ಹೋದ ಮಾತ್ರಕ್ಕೆ ಗ್ರಹದ ತೂಕ ಕರಗುವುದಿಲ್ಲ, ಕೆಂಪಯ್ಯ ತೂಗಾಡುತ್ತಲೇ ಇರಬೇಕು. ಮೂರನೆಯ ಸಲ ಬಂದಾಗ ಅವಳ ಭುಜದ ತೊಗಲು ಲುಂಗಿಗೆ ಅಂಟಿಕೊಂಡು ಬಂತು. ಮೌಲಾಲಿಯ ಹೆಂಡತಿ, ನರ್ಸ್ ಖಾಜಾಬಿ, ಅದನ್ನು ಬಿಡಿಸುತ್ತಿದ್ದಾಗ ಪರದೆಯ ಮೇಲೆ ಗೆರೆ ಮೂಡಿತು.

ಗೆರೆ ನೆಟ್ಟಗಿತ್ತು. ಕೆಂಪಯ್ಯ ಕಲ್ಲಿನಂತೆ ಕೂತಿದ್ದ.

"ಅಂದ್ರ?" ಎಂದ ಮೌಲಾಲಿ, ಗೊತ್ತಿದ್ದೂ.

"ಅಂದ್ರ ಚಿಕ್ಕವ್ವ ಇಲ್ಲ."

"ಮತ್ತ ಮಬ್ಬಿನಾಗ ತೂಗಾಡಿದ್ದು?"

ದುರುಗವ್ವ ಖಾಜಾಬಿಯ ಕೈಯಿಂದ ಔಷಧದ ಬಿಳಿ ಉಂಡೆ ತೆಗೆದುಕೊಂಡು ಬೆರಳಲ್ಲಿ ತಿರುಗಿಸಿದಳು. "ತಿರುಗೋ ಉಂಡೀದು ಒಂದು ಅಂಚು ನಮ್ಮ ಕಡೆ ಬರ್ತಿರ್ತದ, ಇನ್ನೊಂದು ಅಂಚು ದೂರ ಹೋಗ್ತಿರ್ತದ. ಎರಡೂ ಸಮ ಹೊಳದ್ರ ತಕ್ಕಡಿ ನೆಟ್ಟಗ. ಒಂದು ಅಂಚಿಗೆ ಮಸಿ ಹತ್ತಿತು ಅಂದ್ರ ತಕ್ಕಡಿ ವಾಲ್ತದ, ತೂಗಾಡ್ದಂಗ ಕಾಣ್ತದ. ಮಸಿ ಹಿಂದಕ್ಕ ಹೋದ್ರ ಎಲ್ಲಾ ಸುಮ್ಮ. ಅಡ್ಡ ಯಾರೂ ನಿಂತಿಲ್ಲ ಮೌಲಾಲಿ. ಕೆಂಪಯ್ಯನ ಮೈಮ್ಯಾಗ ಕಲೆ ಐತಿ. ಅದು ವರ್ಷದಿಂದ ವರ್ಷಕ್ಕ ಬೆಳ್ಯಾಕ ಹತ್ತೈತಿ."

ಸೂರ್ಯನ ಮೈಮೇಲಿನ ಕಲೆ ಎಂದರೆ ಕಾಂತಶಕ್ತಿಯ ಗಂಟು. ಕೆಳಗಿಂದ ಬರುವ ಶಾಖವನ್ನು ತಡೆಯುವುದರಿಂದ ಕಪ್ಪಗೆ ಕಾಣುತ್ತದೆ, ಕಾಣದ ಬೆಂಕಿಯನ್ನೂ ಬಿಗಿದು ಹಿಡಿದಿರುತ್ತದೆ, ಅಷ್ಟೇ. ಗಂಟು ಬಿಗಿದು ಬಿಗಿದು ಒಂದು ದಿನ ಹರಿದರೆ ಒಳಗಿನದೆಲ್ಲ ಸಿಡಿದು ಹೊರಬರುತ್ತದೆ. ಹರಿದಾಗ ಅದು ಯಾವ ದಿಕ್ಕಿಗೆ ಮುಖ ಮಾಡಿರುತ್ತದೋ ಆ ದಿಕ್ಕಿನವರು ಉಳಿಯರು. ಅದು ಕರೆಗುಡ್ಡದ ಕಡೆ ಮುಖ ಮಾಡುವ ಹೊತ್ತಿಗೇ ನೆರಳು ಪಾಳಿ ಎಂದು ಹೆಸರು.

ಖಾಜಾಬಿ ಬಟ್ಟೆ ಕಟ್ಟುವುದನ್ನು ನಿಲ್ಲಿಸಿದಳು. "ಒಮ್ಮೊಮ್ಮೆ ನೆರಳು ಪಾಳಿ ಆದ್ ಮ್ಯಾಲ ನಾಕೈದು ಮಂದಿ ವಾಂತಿ ಮಾಡಕೋತ ಬರ್ತಾರ. ಒಸಡಿನಾಗ ರಕ್ತ. ಮೂರು ಮಂದಿ ಸತ್ರು. ಬಿಳಿ ಮಣ್ಣಿನ ಧೂಳು ಅಂತ ನಾನ ಬರದು ಕೊಟ್ಟೀನಿ."

ಬೆಳಕು, ತೂಗಾಟ, ಮನುಷ್ಯರ ಒಸಡು. ಮೂರೂ ಕಡೆಯ ಅಳತೆ ಅಂದು ಮೊದಲ ಸಲ ಒಂದೇ ಕೋಣೆಯಲ್ಲಿ ಕೂಡಿತ್ತು.

*

ಮ್ಯಾನೇಜರ್ ಕಮಲಾಬಾಯಿ ದೇಸಾಯಿ ಕೆಟ್ಟ ಹೆಂಗಸಲ್ಲ. ಎಲ್ಲ ಕೇಳಿದರು. ಪರದೆಯನ್ನು ಎರಡು ಸಲ ನೋಡಿದರು.

"ನೀನು ಹೇಳೋದು ಸರಿ ಇರಬಹುದು, ದುರುಗವ್ವ. ಆದರೆ ಕಲೆ ಇದೇ ಸಲ ಒಡೀತದೆ ಅಂತ ಹೇಳ್ತೀಯಾ?"

"ಹೇಳಾಕ ಬರೂದಿಲ್ರಿ. ಈ ಸಲ ಒಡೀಬಹುದು, ಹತ್ತ ಸಲ ಬಿಟ್ಟು ಒಡೀಬಹುದು. ಹಿಂದಿಲ್ಲದಷ್ಟು ದೊಡ್ಡದಾಗೈತಿ."

"ಒಂದು ಸಲ ಪಾಳಿ ತಪ್ಪಿದರೆ ಇಲ್ಲಿ ಮಕ್ಕಳು ಏದುಸಿರು ಬಿಡ್ತಾರೆ. ಅದನ್ನ ಮಾತ್ರ ನಾನು ಖಂಡಿತ ಹೇಳಬಲ್ಲೆ." ಅವರು ಹಣೆ ಒತ್ತಿಕೊಂಡರು. "ಪಾಳಿ ಹೊರಡಿಸೋದು ಮುಕ್ಕಾದಮ. ನಿನ್ನ ಗಂಡನೇ. ಅವನನ್ನ ಒಪ್ಪಿಸು."

ಅಷ್ಟರಲ್ಲಿ ಸುದ್ದಿ ಸುರಂಗದ ತುಂಬ ಹರಿದಿತ್ತು. ಚಿಕ್ಕವ್ವ ಇಲ್ಲವಂತೆ, ಇನ್ನು ಮೇಲೆ ಅಂಗಿ ಕಳಚುವ ಹಾಗಿಲ್ಲವಂತೆ. ಗೂನು ಬೆನ್ನಿನವರು, ಭುಜದ ಮೂಳೆ ಸವೆದವರು, ಎಲ್ಲ ಸೇರಿ ವೀಕ್ಷಣಾ ಕೋಣೆಗೆ ನುಗ್ಗಿದರು. ಮುಂದೆ ಸೋಮ್ಲಾ.

"ಯಾರಲೇ ಚಿಕ್ಕವ್ವ ಇಲ್ಲ ಅಂದವ?"

"ಅಣ್ಣಾ, ಯಂತ್ರ ಅಂದದ್ದು," ಎಂದ ಮೌಲಾಲಿ, ನಗೆಯಲ್ಲಿ ತೇಲಿಸಲು ನೋಡಿ. "ನನ್ನ ಮಾತು ನನ್ನ ಹೆಂಡ್ತಿನೂ ನಂಬೂದಿಲ್ಲ."

ಸೋಮ್ಲಾ ಅವನ ತಲೆಯನ್ನು ಮೇಜಿಗೆ ಚಚ್ಚಿದ. ಇನ್ನೊಬ್ಬ ತೋಳು ಹಿಡಿದು ತಿರುಚಿದ. ಮೊಣಕೈ ಲಟ್ಟೆಂದಿತು. ಉಳಿದವರು ಬೆಳಕಿನ ಮೀಟರನ್ನು ಎತ್ತಿ ನೆಲಕ್ಕೆ ಬಡಿದು, ಗಾಜನ್ನೆಲ್ಲ ಬೂಟಿನಡಿ ಚೂರು ಮಾಡಿದರು. ಹೊರಗೆ ಬೆಳಕು ಏರುಪೇರಾದರೆ ಬಾರಿಸಿ ಎಚ್ಚರಿಸುವ ಗಂಟೆಯೂ ಅದಕ್ಕೇ ಕಟ್ಟಿತ್ತು. ಅದೂ ಹೋಯಿತು. ಯಂಕಪ್ಪ ಬಂದು ಇಬ್ಬರನ್ನು ಬದಿಗೆ ದಬ್ಬಿ ಮೌಲಾಲಿಯನ್ನು ಎಳೆದು ತರದಿದ್ದರೆ ಅವನ ಹೆಣ ಬೀಳುತ್ತಿತ್ತು.

*

ಮನೆಗೆ ಬಂದ ಯಂಕಪ್ಪ ನೀರಿನ ತಂಬಿಗೆಯನ್ನು ಗೋಡೆಗೆ ಬೀಸಿ ಒಗೆದ.

"ನಿನ್ನ ಲೆಕ್ಕಕ್ಕ ಒಬ್ಬನ ತೋಳು ಹೋತು. ಇನ್ನೆಷ್ಟು ಬೇಕು ನಿನಗ?"

"ನಿನ್ನ ಜೀಂವ ಬೇಕು. ಈ ಸಲ ಹೋಗಬ್ಯಾಡ."

"ನಾ ಹೋಗ್ಲಿಲ್ಲಂದ್ರ ಯಾರೂ ಹೋಗೂದಿಲ್ಲ."

"ಅದಕ್ಕ ಹೇಳಾಕ ಹತ್ತೀನಿ."

"ದುರುಗಾ," ಅವನ ದನಿ ಇಳಿಯಿತು. "ಅಂಗಿ ಹಾಕ್ಕೊಂಡು ಈ ಮಂದಿ ಎಷ್ಟು ಮಣ್ಣು ತರ್ತಾರ? ಕಾಲು ಭಾಗ. ಗಾಳಿ ಕಮ್ಮಿ ಆದ್ರ ಮೊದಲು ಸಾಯೋರು ಕೂಸು, ಮುದುಕ್ರು. ನಿನ್ನ ಕಲೆ ಒಡೀತದೋ ಇಲ್ಲೋ ಗೊತ್ತಿಲ್ಲ. ಇದು ಮಾತ್ರ ಗೊತ್ತು. ಗೊತ್ತಿದ್ದದ್ದನ್ನ ಬಿಟ್ಟು ಗೊತ್ತಿಲ್ಲದ್ದಕ್ಕ ಅಂಜಿ ಮನ್ಯಾಗ ಕುಂದ್ರಲೇನು?"

"ಒಡದ್ರ ನೀ ಮೊದಲು ಸಾಯ್ತಿ."

"ಮೊದಲು ಸಾಯಾಕ ಅಲ್ಲೇನು ಮುಕ್ಕಾದಮನ್ನ ಮಾಡಿದ್ದು?"

ಅವನು ಹಟಕ್ಕೆ ಆಡಿದ ಮಾತಲ್ಲ ಅದು. ಅವನ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ದುರುಗವ್ವ ಸೋತಳು. ಇಬ್ಬರ ಲೆಕ್ಕವೂ ಸರಿಯಾಗಿತ್ತು. ಅವಳಿಗೆ ಬೇಕಾದದ್ದು ಮಾತ್ರ ಒಂದೇ ಒಂದು, ಅವನು ಬದುಕಿರಬೇಕು.

*

ಮಬ್ಬು ಇಳಿಯತೊಡಗಿದಾಗ ಪಾಳಿಯ ಸೈರನ್ ಕೂಗಿತು. ಸೀಸದ ದೊಡ್ಡ ಬಾಗಿಲು ತೆರೆಯಿತು. ಹೊರಗೆ ನೆಲವೆಲ್ಲ ಆರಿದ ಕೆಂಡದ ಬಣ್ಣ, ಹಿಂದೆಂದೂ ಅಷ್ಟು ತಂಪಾದ ಮಬ್ಬು ಬಿದ್ದಿರಲಿಲ್ಲ. ಜನ ಅಂಗಿ ಕಳಚಿ ರಾಶಿ ಹಾಕಿ ಮೈ ಮುರಿದರು. ಒಬ್ಬಳು, "ಯವ್ವಾ ಚಿಕ್ಕವ್ವಾ, ನೀ ಇಲ್ಲ ಅಂದೋರ ಬಾಯಿಗೆ ಮಣ್ಣ ಹಾಕು" ಎಂದು ಕೈ ಮುಗಿದಳು.

ಯಂಕಪ್ಪ ಹೊಸ್ತಿಲ ಬಳಿ ಬಂದ. ಬಲಗಾಲು ಎತ್ತಿದ.

ಗೋಡೆಗೆ ಒರಗಿಸಿದ್ದ ಹಾರೆ ದುರುಗವ್ವನ ಕೈಯಲ್ಲಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು, ಭುಜದ ಹಸಿ ಗಾಯ ಹರಿಯುವಂತೆ ಬೀಸಿದಳು. ನೆಲದ ಮೇಲೆ ಊರಿದ್ದ ಎಡಗಾಲಿನ ಮೊಣಕಾಲ ಕೆಳಗೆ, ಮೂಳೆಯ ಮೇಲೆ ಪೆಟ್ಟು ಬಿತ್ತು. ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಯಂಕಪ್ಪ ಒಳಮುಖವಾಗಿ ಬಿದ್ದ. ಅವನ ಕಾಲು ಇರಬಾರದ ಕಡೆಗೆ ತಿರುಗಿತ್ತು.

ಎಲ್ಲರೂ ಅವಳ ಮೇಲೆ ಬಿದ್ದರು. ಕೂದಲು ಹಿಡಿದು ಎಳೆದರು, ಪಕ್ಕೆಗೆ ಒದ್ದರು. ಒಬ್ಬಳು ಹಾರೆಯನ್ನು ಕಿತ್ತು ಅದರ ಬುಡದಿಂದಲೇ ಅವಳ ಬಾಯಿಗೆ ಗುದ್ದಿದಳು. "ಗಂಡನ್ನ ಮುರದ್ಯೇನಬೇ! ಗಂಡನ್ನ ಮುರದಿ!" ದುರುಗವ್ವ ಕೈಯಿಂದ ತಲೆ ಮುಚ್ಚಿಕೊಂಡಳು.

"ಬಿಡ್ರಲೇ ಆಕಿನ್ನ!" ಎಂದು ಯಂಕಪ್ಪ ನೆಲದಿಂದ ಕೂಗಿದ್ದು ಯಾರಿಗೂ ಕೇಳಲಿಲ್ಲ.

ಹಿರಿಯರು ಬಾಗಿಲಿನಿಂದ ಹಿಂದೆ ಸರಿದರು. ಮುಕ್ಕಾದಮನ ಕಾಲು ದಾಟಿಲ್ಲ, ದಾಟುವ ಮೊದಲೇ ಮುರಿದಿದೆ, ಇಂದು ಹೋಗಬಾರದು ಎಂದರು. ಸೋಮ್ಲಾ ಕ್ಯಾಕರಿಸಿ ಉಗಿದ. "ಮುಕ್ಕಾದಮ ಬಿದ್ದ. ಈಗ ನಾನ ಮುಕ್ಕಾದಮ. ಉಸಿರು ಬೇಕಾದೋರು ನನ್ನ ಹಿಂದ ಬರ್ರಿ." ಅವನು ದಾಟಿದ. ಅರ್ಧ ಪಾಳಿ ಅವನ ಹಿಂದೆ ಹೋಯಿತು. ಉಳಿದರ್ಧ ದುರುಗವ್ವನನ್ನು ಬಡಿಯಲು ನಿಂತಿತು. ಅವರು ಉಳಿದದ್ದು ಹಾಗೆ.

ಹೊರಗೆ ಸಲಿಕೆಗಳ ಸದ್ದು ಕೇಳತೊಡಗಿತು, ನಗುವೂ ಕೇಳಿತು. ಯಾರೋ ಹಾಡು ಎತ್ತಿದರು. ಒಳಗಿದ್ದವರಿಗೆ ಬಡಿದು ಬಡಿದು ಕೈ ಸೋತಿತ್ತು. ಖಾಜಾಬಿ ಜನರ ಕಾಲ ಸಂದಿಯಲ್ಲಿ ನುಗ್ಗಿ ದುರುಗವ್ವನ ಮೇಲೆ ಅಡ್ಡ ಬಿದ್ದಿದ್ದಳು.

ಆಗ ಕೆಂಪಯ್ಯ ಬೆಳ್ಳಗಾದ.

ಕೆಂಪು ಬಯಲು, ಕೆಂಪು ಗುಡ್ಡ, ಕೆಂಪು ಮುಖಗಳು, ಎಲ್ಲವೂ ಒಂದೇ ಸಲ ಸುಣ್ಣ ಬಳಿದಂತಾದವು. ಬಾಗಿಲಿನ ಆಕಾರದ ಬಿಳಿ ಬೆಳಕು ಸುರಂಗದೊಳಗೆ ಚಾಚಿ ಬಿತ್ತು. ಹಾಡು ನಿಂತು ಕಿರುಚಾಟ ಎದ್ದಿತು. ಬಾಗಿಲ ಮೀಟರು ಊಳಿಡತೊಡಗಿತು. ಅದನ್ನು ಒರೆಸಲು ಯಾರೂ ಹೋಗಲಿಲ್ಲ.

"ಇದು ಬರೇ ಬೆಳಕು," ಎಂದಳು ದುರುಗವ್ವ, ಒಡೆದ ತುಟಿಯಲ್ಲಿ. "ಬೆಂಕಿ ಹಿಂದ ಬರಾಕ ಹತ್ತೈತಿ. ಬಾಗಿಲಾ ಹಾಕ್ರಿ! ಒಳಗ ಕೂಸುಗಳದಾವ!"

ಬಾಗಿಲ ಚಕ್ರ ನೆಲಕ್ಕೆ ಸಮೀಪದಲ್ಲಿತ್ತು. ಅದರ ಪಕ್ಕದಲ್ಲೇ ಯಂಕಪ್ಪ ಬಿದ್ದಿದ್ದ. ಬೆಳಕಿಗೆ ಹೆದರಿದವರೆಲ್ಲ ಸುರಂಗದ ಒಳಕ್ಕೆ ಓಡಿದ್ದರು. ಚಕ್ರಕ್ಕೆ ಕೈ ಎಟುಕುತ್ತಿದ್ದುದು ಅವನಿಗೊಬ್ಬನಿಗೆ.

ಅವನು ಚಕ್ರ ಹಿಡಿದ, ಆದರೆ ತಿರುಗಿಸಲಿಲ್ಲ. ಹೊರಗಿನವರು ಕಣ್ಣು ಕಳೆದುಕೊಂಡು ದಿಕ್ಕು ತಪ್ಪಿ ಓಡುತ್ತಿದ್ದರು. ಒಬ್ಬ ಗುಂಡಿಗೆ ಬಿದ್ದ. ಒಬ್ಬಳು ಮುಖ ಮುಚ್ಚಿಕೊಂಡು ಗುಡ್ಡದ ಕಡೆಗೇ ಓಡಿದಳು.

"ಈ ಕಡೆ!" ಯಂಕಪ್ಪ ಎದೆ ಬಿರಿಯುವಂತೆ ಕೂಗಿದ. "ನನ್ನ ದನಿ ಹಿಡಕೊಂಡು ಬರ್ರಿ! ಸೋಮ್ಲಾ! ಲೇ ಸೋಮ್ಲಾ, ನನ್ನ ದನಿ ಕಡೆ!"

ದನಿ ಹಿಡಿದು ಆರು ಜನ ಬಂದರು. ಹೊಸ್ತಿಲು ಎಡವಿ ಒಬ್ಬರ ಮೇಲೊಬ್ಬರು ಬಿದ್ದರು. ಅವರ ಕೈ, ಮುಖದ ತೊಗಲು ಬೊಬ್ಬೆ ಎದ್ದಿತ್ತು. ಮೀಟರಿನ ಊಳು ಏರಿ ಏರಿ ಬಿಡುವಿಲ್ಲದ ಒಂದೇ ಸ್ವರವಾಯಿತು. ಸೋಮ್ಲಾ ಇನ್ನೂ ದೂರದಲ್ಲಿದ್ದ. ಅವನ ಬೆನ್ನ ಮೇಲೆ ಯಾರೋ ಇದ್ದರು. ಕೈ ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತಿದ್ದ.

"ಬಂದೆಣ್ಣಾ," ಎನ್ನುತ್ತಿದ್ದ. "ಕೂಗ್ತಾ ಇರು. ಬಂದೆ."

"ಬಾರಲೇ ಸೋಮ್ಲಾ! ಬಾ! ನೆಟ್ಟಗ ಬಾ!"

ಯಂಕಪ್ಪ ಕೂಗುತ್ತಲೇ ಹೊರಳಿ ಸುರಂಗದ ಒಳಗೆ ನೋಡಿದ. ಅಷ್ಟುದ್ದಕ್ಕೂ ಮನೆಗಳ ಬಾಗಿಲುಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು. ಅವನು ಮತ್ತೆ ಹೊರಗೆ ತಿರುಗಿದ. "ನೆಟ್ಟಗ ಬಾ ಸೋಮ್ಲಾ," ಎನ್ನುತ್ತಲೇ ಚಕ್ರ ತಿರುಗಿಸಿದ. ಬಾಗಿಲು ಪೂರ್ತಿ ಕೂಡುವವರೆಗೂ ಅವನ ಹೆಸರು ಕರೆಯುವುದನ್ನು ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಬಂತು. ಅಂಗೈಯ ಸದ್ದು. ಬಹಳ ಹೊತ್ತು ಬಂತು. ಒಳಗಿದ್ದವರಲ್ಲಿ ಒಬ್ಬರೂ ಕಿವಿ ಮುಚ್ಚಿಕೊಳ್ಳಲಿಲ್ಲ.

*

ಈಗ ಕರೆಗುಡ್ಡದಲ್ಲಿ ಎಲ್ಲ ತಿರುವುಮುರುವು. ಸಿಡಿದ ಮೇಲೂ ಉಳಿದ ಕಲೆ ಕರೆಗುಡ್ಡದ ಕಡೆ ತಿರುಗುವ ಮೊದಲೇ ಬಾಗಿಲು ಮುಚ್ಚುತ್ತಾರೆ. ಅದು ಹಿಂದಕ್ಕೆ ಹೋದಾಗ, ಕೆಂಪಯ್ಯ ಪೂರ್ತಿ ಹೊಳೆಯುವಾಗ, ಸೀಸದ ಅಂಗಿ ಹೊತ್ತು ಅಗೆಯುತ್ತಾರೆ. ಗಾಳಿ ತೆಳುವಾಗಿದೆ. ಮಕ್ಕಳು ಆಟದ ನಡುವೆಯೇ ಕೂತುಬಿಡುತ್ತಾರೆ. ಮ್ಯಾನೇಜರ್ ದೇಸಾಯಿಯವರೂ ತಮ್ಮ ಸರದಿಗೆ ಅಂಗಿ ಹೊರುತ್ತಾರೆ. ಗಾಜಿನ ಚೂರು ಆಯ್ದು ಮೌಲಾಲಿ ಒಂದೇ ಕೈಯಲ್ಲಿ ಮೀಟರು ಕಟ್ಟುತ್ತಿದ್ದಾನೆ. ದುರುಗವ್ವ ಬಂದಾಗ ಜನ ಮಾತು ನಿಲ್ಲಿಸಿ ದಾರಿ ಬಿಡುತ್ತಾರೆ. ಅದು ಗೌರವವೋ, ಮುಖ ನೋಡಲಾರದ್ದೋ ಅವಳಿಗೂ ತಿಳಿಯದು.

ಯಂಕಪ್ಪ ಆಸ್ಪತ್ರೆಯಲ್ಲೇ ಇದ್ದ. ಆ ದಿನದಿಂದ ಅವನು ಯಾರೊಂದಿಗೂ ಮಾತಾಡಿರಲಿಲ್ಲ. ಸುಟ್ಟವರ ಗಡಿಬಿಡಿಯಲ್ಲಿ ಅವನ ಕಾಲಿಗೆ ಯಾರೋ ಹೇಗೋ ಪಟ್ಟಿ ಕಟ್ಟಿದ್ದರು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

"ಇದನ್ನ ಮತ್ತ ಮುರದು ಕೂಡಿಸ್ಬೇಕು," ಎಂದಳು ಖಾಜಾಬಿ. "ಇಲ್ಲಂದ್ರ ಜೀಂವ ಇರೋತನ ತೆವಳಬೇಕಾಗ್ತದ. ಇಬ್ಬರನ್ನ ಕರೀತೀನಿ, ಗಟ್ಟಿ ಹಿಡೀಲಿ."

"ಬ್ಯಾರೇದವ್ರು ಬ್ಯಾಡ," ಎಂದ ಯಂಕಪ್ಪ. ಅಷ್ಟು ದಿನಗಳ ಮೇಲೆ ಬಂದ ದನಿ ಒರಟಾಗಿತ್ತು. "ಆಕೀನ ಮುರೀಲಿ."

ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ ದುರುಗವ್ವ ಎದ್ದು ಒಳಗೆ ಬಂದಳು. ಹಾಸಿಗೆಯಿಂದ ತುಸು ದೂರವೇ ನಿಂತಳು.

"ಸಿಟ್ಟು ಐತೇನು?"

"ಐತಿ. ಕಣ್ಣು ಮುಚ್ಚಿದ್ರ ಆ ಬಾಗಿಲಾ ಬಡ್ಯೋ ಸಪ್ಪಳ. ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತದ."

"ಮತ್ತ ನನ್ನ ಕೈಲೇ ಯಾಕ?"

"ಇವ್ರು ಅಂಜಿ ಅಂಜಿ ಹತ್ತ ಸಲ ಹೊಡೀತಾರ. ನೀ ಒಂದ ಏಟಿಗೆ ಮುರೀತಿ."

ಖಾಜಾಬಿ ಮರದ ದಿಮ್ಮಿಯನ್ನು ಕಾಲಿನ ಕೆಳಗಿಟ್ಟು, ಬಟ್ಟೆ ಸುತ್ತಿದ ಕಬ್ಬಿಣದ ಸರಳನ್ನು ದುರುಗವ್ವನ ಕೈಗೆ ಕೊಟ್ಟಳು. ಯಂಕಪ್ಪ ಬಾಯಿಗೆ ಟವೆಲು ಕಚ್ಚಿಕೊಂಡ. ಅವಳು ಒಂದು ಸಲ ಅವನ ಕಣ್ಣು ನೋಡಿದಳು, ಸೊಟ್ಟ ಮೂಳೆಯ ಉಬ್ಬನ್ನು ಬೆರಳಿನಿಂದ ಮುಟ್ಟಿ ಗುರುತು ಹಿಡಿದಳು. ಹೊಡೆದಳು.

ಒಂದೇ ಏಟು. ಟವೆಲು ಹಾರಿಹೋಯಿತು. ಯಂಕಪ್ಪ ಕೂಗಿದ, ಕೂಗು ಅಳುವಾಯಿತು. ಅಷ್ಟು ದಿನ ಒಂದು ಹನಿ ಹಾಕದ ಗಂಡಸು ಹಾಸಿಗೆ ಅಲುಗುವಂತೆ ಅತ್ತ. ಅಳುತ್ತಲೇ ಅವಳನ್ನು ಬೈದ. ಕಟುಕಿ ಎಂದ, ನೀ ಸಾಯಿ ಎಂದ, ನನ್ನನ್ನ ಯಾಕ ಉಳಿಸಿದಿ ಎಂದ, ಸೋಮ್ಲಾನ ಹೆಸರು ಹಿಡಿದು ಕೂಗಿದ. ಕೈಗೆ ಸಿಕ್ಕ ಅವಳ ಜಡೆಯನ್ನು ಹಿಡಿದು ಜಗ್ಗಿದ.

ದುರುಗವ್ವ ಸರಳನ್ನು ಕೆಳಗೆ ಹಾಕಿ, ಎರಡೂ ಕೈಯಲ್ಲಿ ಅವನ ಕಾಲನ್ನು ನೆಟ್ಟಗೆ ಎಳೆದು ಹಿಡಿದಿದ್ದಳು. ಖಾಜಾಬಿ ಪಟ್ಟಿ ಸುತ್ತುತ್ತಿದ್ದಳು.

"ಬೈ, ಎಷ್ಟ ಬೈತಿ ಬೈ," ಎಂದಳು ದುರುಗವ್ವ. "ಕಾಲೊಂದು ಅಲುಗಿಸಬ್ಯಾಡ."